ಪದಚರ್ಚೆ: ಇಂಜೆಕ್ಷನ್ ತಯಾರಿಕೆಯ ಮಾತುಗಳು, ‘ಫಸ್ಟ್ ಏರ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಆಸ್ಪತ್ರೆಗಳ ಔಷಧ ವಿಭಾಗಕ್ಕೆ ಹೊಸದಾಗಿ ಸೇರುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸೋಂಕು ತಾಗದಂತೆ ಇಂಜೆಕ್ಷನ್ ತಯಾರಿಸುವುದು ಹೇಗೆ ಅನ್ನುವುದು ವಿಷಯ. ಬರುವವರು ಗೋಕಾಕ, ಅಥಣಿ, ಬೈಲಹೊಂಗಲ ಕಡೆಯವರು, ಖಾನಾಪುರದ ಕೆಲವರಿಗೆ ಮನೆಮಾತು ಮರಾಠಿ. ವಯಲ್ (ರಬ್ಬರ್ ಮುಚ್ಚಳದ ಔಷಧದ ಸೀಸೆ), ಆಂಪೂಲ್ (ಕುತ್ತಿಗೆ ಮುರಿದು ತೆರೆಯುವ ಗಾಜಿನ ಸೀಸೆ), ಸಿರಿಂಜ್, ಪ್ಲಂಜರ್ (ಸಿರಿಂಜಿನ ಒಳದಂಡ) ಇವಕ್ಕೆಲ್ಲ ಕನ್ನಡ ಹುಡುಕುವುದು ವ್ಯರ್ಥ ಅಂತ ಬಿಟ್ಟಿದ್ದೇನೆ. ಆ ಹೆಸರು ಹೇಳಿದರೇ ಸ್ಟೋರಿನಲ್ಲಿ ಸಾಮಾನು ಸಿಗುವುದು. ತೊಡಕಿರುವುದು ಕೈಯಿಂದ ಮಾಡುವ ಕೆಲಸಗಳ ಹೆಸರಲ್ಲಿ.

‘ಮಿಕ್ಸ್ ಮಾಡು’ ನೋಡಿ. ವಯಲ್‌ನ ಪುಡಿಗೆ ನೀರು ಹಾಕಿ ಕರಗಿಸುವುದಕ್ಕೂ ಅದೇ ಮಾತು, ಕರಗಿದ್ದನ್ನು ಸಲಾಯಿನ್ ಬಾಟ್ಲಿಗೆ ಸೇರಿಸುವುದಕ್ಕೂ ಅದೇ, ವಯಲ್ ಹಿಡಿದು ಅಲ್ಲಾಡಿಸುವುದಕ್ಕೂ ಅದೇ. ಇದು ಅಪಾಯದ ಮಾತು. ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ಪುಡಿಯನ್ನು ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ದ್ರಾವಣದಲ್ಲಿ ಕರಗಿಸುವಂತಿಲ್ಲ, ಅದಕ್ಕೆ ಸೇರಿಸುವಂತೆಯೂ ಇಲ್ಲ. ಅದರಲ್ಲಿರುವ ಕ್ಯಾಲ್ಸಿಯಂ ಜೊತೆ ಕೂಡಿ ಹರಳುಗಟ್ಟುತ್ತದೆ. ನಾನು ಪುಡಿಗೆ ನೀರು ಹಾಕುವುದಕ್ಕೆ ‘ಕರಗಿಸು’, ಬಾಟ್ಲಿಗೆ ಸೇರಿಸುವುದಕ್ಕೆ ‘ತೆಳು ಮಾಡು’ ಅಂತ ಎರಡನ್ನು ಬೇರೆ ಮಾಡಿದ್ದೇನೆ. ಅಲ್ಲಾಡಿಸುವುದರಲ್ಲೂ ಭೇದ ಇದೆ. ಜೋರಾಗಿ ಮಾಡಿದರೆ ‘ಕುಲುಕು’. ಪ್ರೋಟೀನ್ ಔಷಧಗಳನ್ನು ಕುಲುಕಿದರೆ ನೊರೆ ಬಂದು ಕೆಡುತ್ತವೆ, ಅವಕ್ಕೆ ‘ಮೆಲ್ಲಗೆ ಸುತ್ತಿಸು’. ಮಬ್ಬಾಗಿರುವ ಇನ್ಸುಲಿನ್ ವಯಲನ್ನು ಎರಡು ಅಂಗೈ ನಡುವೆ ಉರುಳಿಸುತ್ತೇವಲ್ಲ, ಅದಕ್ಕೆ ‘ಹೊಸೆ’. ಬತ್ತಿ ಹೊಸೆದವರಿಗೆ ಬೇರೆ ವಿವರಣೆ ಬೇಕಿಲ್ಲ. ಯಾರದಾದರೂ ತಕರಾರಿದೆಯಾ?

‘ಸ್ಟೆರೈಲ್’ (ಜೀವಂತ ಸೂಕ್ಷ್ಮಜೀವಿ ಒಂದೂ ಇಲ್ಲದ್ದು) ಪದವನ್ನು ಹಾಗೇ ಇಟ್ಟಿದ್ದೇನೆ. ‘ಕ್ರಿಮಿರಹಿತ’ ಅಂದರೆ ನಮ್ಮ ಹುಡುಗರಿಗೆ ಹುಳು ಇಲ್ಲದ್ದು ಅನಿಸುತ್ತದೆ. ಆದರೆ ‘ಸ್ಪಿರಿಟ್ ಒರೆಸಿ ಸ್ಟೆರೈಲ್ ಮಾಡಿದೆ’ ಅನ್ನುವ ರೂಢಿಯನ್ನು ಮಾತ್ರ ಬಿಡಿಸಲೇಬೇಕು. 70% ಸ್ಪಿರಿಟ್ ಬ್ಯಾಕ್ಟೀರಿಯಾದ ಬೀಜಕಗಳನ್ನು (ಗಟ್ಟಿ ಕವಚದ ಸ್ಪೋರ್‌ಗಳನ್ನು) ಕೊಲ್ಲುವುದಿಲ್ಲ. ಅದಕ್ಕೆ ಒತ್ತಡದ ಹಬೆಯ ಯಂತ್ರ ಆಟೊಕ್ಲೇವ್ ಬೇಕು, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಹಬೆ. ಸ್ಪಿರಿಟ್‌ನಿಂದ ಮಾಡುವುದು ‘ಒರೆಸುವುದು’ ಅಷ್ಟೇ.

ಈಗ ನನ್ನ ಮುಖ್ಯ ಪ್ರಶ್ನೆ. ಇಂಜೆಕ್ಷನ್ ತಯಾರಿಸುವ ಲ್ಯಾಮಿನಾರ್ ಹುಡ್‌ನಲ್ಲಿ, ಅಂದರೆ ಸೋಸಿದ ಗಾಳಿ ಒಂದೇ ದಿಕ್ಕಿಗೆ ಬೀಸುವ ಕಪಾಟಿನಂಥ ಮೇಜಿನಲ್ಲಿ, ಹೆಪಾ ಫಿಲ್ಟರ್ ಇರುತ್ತದೆ. 0.3 ಮೈಕ್ರಾನಿನ ಕಣಗಳಲ್ಲಿ 99.97% ಹಿಡಿಯುವಂಥದ್ದು. ಅದರಿಂದ ಹೊರಬಂದು ಇನ್ನೂ ಏನನ್ನೂ ಸೋಕದ ಗಾಳಿಯೇ ‘ಫಸ್ಟ್ ಏರ್’. ಸೂಜಿ, ವಯಲ್‌ನ ರಬ್ಬರ್, ಆಂಪೂಲ್‌ನ ಕುತ್ತಿಗೆ, ಇವೆಲ್ಲ ಯಾವಾಗಲೂ ಆ ಗಾಳಿಯಲ್ಲೇ ಇರಬೇಕು. ಹಿಂದಿನಿಂದ ಗಾಳಿ ಬೀಸುವ ಹುಡ್ ಆದರೆ ಕೈ ಫಿಲ್ಟರ್‌ಗೂ ವಯಲ್‌ಗೂ ನಡುವೆ ಬರಬಾರದು, ಮೇಲಿನಿಂದ ಬೀಸುವುದಾದರೆ ವಯಲ್ ಮೇಲೆ ಕೈ ಹಾಯಬಾರದು. ‘ಮೊದಲ ಗಾಳಿ’ ಅಂತ ಬರೆದರೆ ಮುಂಗಾರಿನ ಮಾತು ಅನಿಸುತ್ತದೆ. ‘ಮಡಿ ಗಾಳಿ’ ಅಂದರೆ ತಟ್ಟನೆ ತಿಳಿಯುತ್ತದೆ, ನಿಜ, ಆದರೆ ಆ ಪದಕ್ಕೆ ಜಾತಿ ಅಂಟಿಕೊಂಡಿದೆ, ಆಸ್ಪತ್ರೆ ಪುಸ್ತಕದಲ್ಲಿ ನನಗೆ ಬೇಡ. ನನ್ನ ಒಲವು ‘ಮೀಸಲು ಗಾಳಿ’ ಕಡೆಗೆ. ದೇವರಿಗೆ ಎತ್ತಿಟ್ಟದ್ದನ್ನು ಯಾರೂ ಮುಟ್ಟದ ಹಾಗೆ. ‘ಮೀಸಲು ಮುರಿಯಿತು’ ಅಂತಲೂ ಹೇಳಬಹುದು, ಕೈ ಅಡ್ಡ ಬಂದಾಗ. ಮೀಸಲಾತಿ ನೆನಪಾಗಿ ನಗುತ್ತಾರೆ ಅನ್ನುವುದೊಂದೇ ಅಳುಕು.

ಇನ್ನು ಚಿಲ್ಲರೆ. ಸೂಜಿಯ ಗೇಜ್ ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ, 18 ದಪ್ಪ, 26 ಸಣ್ಣ. ಆದರೆ ‘ಸಣ್ಣ’ ಅಂದರೆ ಗಿಡ್ಡವೋ ತೆಳುವೋ? ‘ತೆಳು’ ಅಂತಲೇ ಬರೆದಿದ್ದೇನೆ. ಸೂಜಿ ನೇರ ಚುಚ್ಚಿದಾಗ ವಯಲ್‌ನ ರಬ್ಬರಿನ ಚೂರು ಕತ್ತರಿಸಿ ಔಷಧದೊಳಗೆ ಬೀಳಬಹುದು, ಅದು ಕೋರಿಂಗ್. ‘ಕೊರೆತ’ ಅಂದೆ. ಕೋರ್‌ಗೂ ನಮ್ಮ ಕೊರೆಗೂ ನೆಂಟಸ್ತಿಕೆ ಇಲ್ಲ, ಆದರೂ ಕೂಡಿ ಬಂದಿದೆ. ಮುಟ್ಟಬಾರದ ಭಾಗಗಳನ್ನು ಇಂಗ್ಲಿಷಿನಲ್ಲಿ ಕ್ರಿಟಿಕಲ್ ಸೈಟ್ ಅನ್ನುತ್ತಾರೆ. ‘ನಿರ್ಣಾಯಕ ಸ್ಥಳ’ ಅಂದರೆ ಚುನಾವಣೆ ವರದಿ ಓದಿದಂತೆ ಆಗುತ್ತದೆ, ‘ಮುಟ್ಟಬಾರದ ಜಾಗ’ ಸಾಕಲ್ವಾ?

ಕೊನೆಗೊಂದು, ಮೈಸೂರು, ಮಂಗಳೂರು ಕಡೆಯವರಿಗೆ. ವಯಲ್‌ನಿಂದ ಔಷಧ ತೆಗೆಯುವ ಮೊದಲು ಅಷ್ಟೇ ಗಾಳಿ ಒಳಗೆ ತಳ್ಳಿ, ಆಮೇಲೆ ಪ್ಲಂಜರ್ ಜಗ್ಗುತ್ತೇವೆ. ನಮ್ಮಲ್ಲಿ ‘ಜಗ್ಗು’ ಅಂದರೆ ಬರೀ ಎಳೆಯುವುದು. ನಿಮ್ಮ ಕಿವಿಗೆ ಅದು ಜೋರಾಗಿ ಎಳೆದಂತೆ ಕೇಳಿಸುತ್ತದೆಯೇ? ಹಾಗಿದ್ದರೆ ‘ಎಳೆ’ ಅಂತ ತಿದ್ದುತ್ತೇನೆ, ಇಲ್ಲದಿದ್ದರೆ ಜಗ್ಗುವುದೇ ಇರಲಿ.