ಪ್ರಶ್ನೋತ್ತರ: ಪೋರ್ಟ್ ಕ್ಲಾಂಗ್‌ನಿಂದ ಫ್ರೀಮ್ಯಾಂಟಲ್‌ಗೆ ಬೈಕ್ ಕಳಿಸುವ ಮುನ್ನ

ಪ್ರಶ್ನೆ: ಕರ್ನಾಟಕ ನೋಂದಣಿಯ ಹಿಮಾಲಯನ್ 411. ಚೆನ್ನೈನಿಂದ ಹಡಗಿನಲ್ಲಿ ಮಲೇಷ್ಯಾಕ್ಕೆ ಬಂದು ಈಗ ಕ್ವಾಲಾಲಂಪುರದಲ್ಲಿದೆ. ಮುಂದಿನ ಹಂತ ಪಶ್ಚಿಮ ಆಸ್ಟ್ರೇಲಿಯಾ. ಪೋರ್ಟ್ ಕ್ಲಾಂಗ್‌ನಿಂದ ಫ್ರೀಮ್ಯಾಂಟಲ್‌ಗೆ ಎಲ್‌ಸಿಎಲ್‌ನಲ್ಲಿ, ಅಂದರೆ ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರ್‌ನಲ್ಲಿ, ಕಳಿಸುವ ಯೋಚನೆ. ಕಾರ್ನೆ, ಅಂದರೆ ಸುಂಕ ಕಟ್ಟದೆ ವಾಹನವನ್ನು ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ಯಲು ಬಿಡುವ ಕಸ್ಟಮ್ಸ್ ಪುಸ್ತಿಕೆ, ಇದೆ, ಅವಧಿ ಇನ್ನೂ ಏಳು ತಿಂಗಳಿದೆ. ಕ್ರೇಟ್ ಎಷ್ಟು ದೊಡ್ಡದಿರಬೇಕು? ಪೆಟ್ರೋಲ್ ಪೂರ್ತಿ ತೆಗೆಯಬೇಕೇ? ಆಸ್ಟ್ರೇಲಿಯಾದವರು ಮಣ್ಣಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಅಂತಾರೆ, ಎಷ್ಟರ ಮಟ್ಟಿಗೆ ತೊಳೆಯಬೇಕು?

ಉತ್ತರ (ಸರಕು ಸಾಗಣೆ ಏಜೆಂಟ್): ಮೊದಲು ಅಳತೆ, ಯಾಕೆಂದರೆ ದುಡ್ಡು ಹೋಗುವುದು ಅಲ್ಲೇ. ಎಲ್‌ಸಿಎಲ್‌ನಲ್ಲಿ 1 ಘನ ಮೀಟರ್ ಅಥವಾ 1000 ಕಿಲೋ, ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಬೈಕಿನ ತೂಕ 1000 ಕಿಲೋದ ಹತ್ತಿರವೂ ಬರುವುದಿಲ್ಲ, ಹಾಗಾಗಿ ನೀವು ಕೊಡುವುದು ಗಾಳಿಯ ಬೆಲೆ. ಬಿಚ್ಚದೆ ಹಾಗೇ ನಿಲ್ಲಿಸಿದರೆ ಕ್ರೇಟ್ ಸುಮಾರು 225 × 90 × 145 ಸೆಂ.ಮೀ. ಆಗುತ್ತದೆ, ಅಂದರೆ 2.94 ಘನ ಮೀಟರ್. ಮುಂದಿನ ಚಕ್ರ, ಮುಂದಿನ ಎರಡೂ ಮಡ್‌ಗಾರ್ಡ್, ಗಾಳಿತಡೆ, ಕನ್ನಡಿ, ಹ್ಯಾಂಡಲ್, ಪೆಟ್ಟಿಗೆಗಳನ್ನು ಬಿಚ್ಚಿ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಜೋಡಿ ಕಾಲು) ಅನ್ನು ತಳದ ಹಲಗೆಗೆ ಇಳಿಸಿದರೆ 200 × 80 × 110ಕ್ಕೆ ಬರುತ್ತದೆ, ಅಂದರೆ 1.76. ನೂರಕ್ಕೆ 40ರಷ್ಟು ಉಳಿತಾಯ, ಕೆಲಸ ಅರ್ಧ ದಿನದ್ದು. ವಿಮಾನದಲ್ಲಿ ಕಳಿಸುವವರಿಗೆ ಲೆಕ್ಕ ಇನ್ನೂ ಬಿಗಿ: ಘನ ಸೆಂಟಿಮೀಟರ್ ಅನ್ನು 6000ದಿಂದ ಭಾಗಿಸುತ್ತಾರೆ, ಬಂದ ಅಂಕಿ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅಷ್ಟು ಕಿಲೋಗೆ ಬಾಡಿಗೆ. ದೊಡ್ಡ ಕ್ರೇಟಿಗೆ 489 ಕಿಲೋ, ಚಿಕ್ಕದಕ್ಕೆ 293 ಕಿಲೋ. ಬೈಕಿನ ತೂಕ ಎರಡರಲ್ಲೂ ಸುಮಾರು 200 ಕಿಲೋ ಅಷ್ಟೇ!

ಕ್ರೇಟನ್ನು ಹೊಸದಾಗಿ ಮಾಡಿಸುವ ಮೊದಲು ಯಾವುದಾದರೂ ಬೈಕ್ ಷೋರೂಮಿನ ಹಿಂಬದಿಗೆ ಒಮ್ಮೆ ಹೋಗಿ ಕೇಳಿ. ಹೊಸ ಬೈಕುಗಳು ಬರುವ ಉಕ್ಕಿನ ಚೌಕಟ್ಟನ್ನು ಅವರು ಗುಜರಿಗೆ ಹಾಕುತ್ತಾರೆ. ಸಿಕ್ಕರೂ ತಳದಲ್ಲಿ ಮರ ಇದೆಯೇ ನೋಡಿ. ಮರ ಇದ್ದರೆ ಐಎಸ್‌ಪಿಎಂ 15 (ಮರದ ಪ್ಯಾಕಿಂಗ್‌ನಲ್ಲಿ ಕೀಟ ಹರಡದಂತೆ ಇರುವ ಅಂತರರಾಷ್ಟ್ರೀಯ ನಿಯಮ) ಮುದ್ರೆ ಬೇಕೇ ಬೇಕು: ಗೋಧಿತೆನೆ ಚಿಹ್ನೆ, ದೇಶದ ಸಂಕೇತ, ಜೊತೆಗೆ ಎಚ್‌ಟಿ ಎಂಬ ಅಕ್ಷರ. ಮರದ ತಿರುಳು 56 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಕಾದಿದೆ ಎಂದು ಅದರ ಅರ್ಥ. ಪ್ಲೈವುಡ್‌ಗೆ ಈ ನಿಯಮ ಇಲ್ಲ. ಎಡವುವುದು ಸಾಮಾನ್ಯವಾಗಿ ಇಲ್ಲೇ: ಕ್ರೇಟೆಲ್ಲ ಪ್ಲೈವುಡ್, ಆದರೆ ಚಕ್ರ ಉರುಳದಿರಲಿ ಎಂದು ಕೊನೆ ಗಳಿಗೆಯಲ್ಲಿ ಎಲ್ಲೋ ಬಿದ್ದಿದ್ದ ತೊಗಟೆಸಮೇತದ ತುಂಡನ್ನು ಅಡ್ಡ ಹೊಡೆದಿರುತ್ತಾರೆ. ಆ ಒಂದು ತುಂಡಿಗೆ ಇಡೀ ಕ್ರೇಟನ್ನೇ ತಡೆಹಿಡಿಯಬಹುದು.

"ಮೇಲೆ ಏನೂ ಹೇರಬೇಡಿ" ಎಂಬ ಚೀಟಿಯನ್ನು ಧಾರಾಳವಾಗಿ ಅಂಟಿಸಿ, ಆದರೆ ನಂಬಬೇಡಿ. ಎಲ್‌ಸಿಎಲ್‌ನಲ್ಲಿ ಹೇರುತ್ತಾರೆ. ನಾಲ್ಕು ಮೂಲೆಯ ಕಂಬಗಳು ಭಾರ ಹೊರುವಂತಿರಲಿ, ಬೈಕಿನ ಯಾವ ಭಾಗವೂ ಕಂಬಕ್ಕಿಂತ ಎತ್ತರ ಇರದಿರಲಿ. ತಳದ ಅಡಿ ಫೋರ್ಕ್‌ಲಿಫ್ಟ್ ತೂರಲು 10 ಸೆಂ.ಮೀ. ಸಂದು ಬಿಡಿ. ಮೊಳೆ ಬೇಡ, ಸ್ಕ್ರೂ ಹಾಕಿ. ತಪಾಸಣೆಗೆ ತೆಗೆದವರು ಮತ್ತೆ ಮುಚ್ಚಬೇಕಲ್ಲ.

ಪೆಟ್ರೋಲ್: ವಿಶ್ವಸಂಸ್ಥೆಯ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಬೈಕಿನ ಸಂಖ್ಯೆ ಯುಎನ್ 3166, 9ನೇ ವರ್ಗ. ಸಮುದ್ರದ ನಿಯಮದಲ್ಲಿ ಟ್ಯಾಂಕ್ ಖಾಲಿಯಾಗಿ, ಬ್ಯಾಟರಿ ಶಾರ್ಟ್ ಆಗದಂತೆ ಭದ್ರವಾಗಿದ್ದರೆ ಆ ವರ್ಗದ ಕಟ್ಟುಪಾಡುಗಳಿಂದ ವಿನಾಯಿತಿ ಸಿಗುತ್ತದೆ. ಆದ್ದರಿಂದ ಖಾಲಿ ಎಂದರೆ ಖಾಲಿ. ವಿಮಾನಕ್ಕಾದರೆ ಆದಷ್ಟೂ ಬಸಿಯಬೇಕು, ಉಳಿದದ್ದು ಟ್ಯಾಂಕಿನ ಕಾಲು ಭಾಗ ಮೀರಬಾರದು. ನಿಮ್ಮ 15 ಲೀಟರ್ ಟ್ಯಾಂಕಿಗೆ ಅದು 3.75 ಲೀಟರ್. ಎಷ್ಟೋ ವಿಮಾನ ಕಂಪನಿಗಳು ಅದಕ್ಕಿಂತ ಕಡಿಮೆ ಕೇಳುತ್ತವೆ.

ಮರುಪ್ರಶ್ನೆ: ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೆಟ್ರೋಲ್ ಮುಗಿಸಿದರೆ ಆಗದೇ?

ಉತ್ತರ (ಮೆಕ್ಯಾನಿಕ್): ಬೇಡ. ಇದು ಇಂಜೆಕ್ಷನ್ ಬೈಕು. ಟ್ಯಾಂಕಿನೊಳಗಿನ ಪಂಪಿಗೆ ತಂಪೂ ಜಾರುಣಿಯೂ ಪೆಟ್ರೋಲೇ. ಒಣಗಿದ ಪಂಪನ್ನು ಓಡಿಸಿದರೆ ಅದು ಸವೆಯುತ್ತದೆ. ಹಾಗೆ ಮಾಡಿದರೂ ತಳದಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಕೈಪಂಪಿನ ಸೈಫನ್‌ನಲ್ಲಿ ಬಯಲಲ್ಲಿ ಹೊರತೆಗೆಯಿರಿ, ಉಳಿದ ತಳಪಾಲನ್ನು ಬೈಕು ವಾಲಿಸಿ ಚಿಂದಿ ಬಟ್ಟೆಗೆ ಹೀರಿಸಿ. ಆಮೇಲೆ ಮುಚ್ಚಳ ತೆಗೆದು ನೆರಳಲ್ಲಿ, ಬೆಂಕಿ-ಕಿಡಿ ಇಲ್ಲದ ಕಡೆ ಕೆಲವು ಗಂಟೆ ಬಿಡಿ. ಗೋದಾಮಿನವರು ತಡೆಯುವುದು ದ್ರವ ಕಂಡಲ್ಲ, ವಾಸನೆ ಬಂದು. ಎಂಜಿನ್ ಆಯಿಲ್ ಮುಟ್ಟಬೇಡಿ, ಅದು ಇರಲಿ.

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು, ಪಾಸಿಟಿವ್ ಆಮೇಲೆ. ಉಲ್ಟಾ ಮಾಡಿದರೆ ಪಾಸಿಟಿವ್ ಬಿಚ್ಚುವಾಗ ಸ್ಪಾನರ್ ಚಾಸಿಗೆ ತಗುಲಿದ ಕೂಡಲೆ ಕಿಡಿ. ತಂತಿಯ ತುದಿ ಬೇರೆ, ಬ್ಯಾಟರಿಯ ಕಂಬ ಬೇರೆ, ಎರಡನ್ನೂ ಪ್ರತ್ಯೇಕವಾಗಿ ಟೇಪಿನಿಂದ ಸುತ್ತಿ. ಬ್ಯಾಟರಿ ತನ್ನ ಜಾಗದಲ್ಲೇ ನೆಟ್ಟಗೆ ಕೂತಿರಲಿ. ಜಿಪಿಎಸ್ ಟ್ರ್ಯಾಕರ್ ಇದ್ದರೆ ತೆಗೆದುಬಿಡಿ, ಅದರೊಳಗೆ ಲಿಥಿಯಂ ಸೆಲ್ ಇರುತ್ತದೆ.

ಮುಂದಿನ ಚಕ್ರ ತೆಗೆದ ತಕ್ಷಣ ಬ್ರೇಕ್ ಪ್ಯಾಡುಗಳ ನಡುವೆ ದಪ್ಪ ರಟ್ಟು ತೂರಿಸಿ ಟೇಪ್ ಹಾಕಿ. ಇಲ್ಲದಿದ್ದರೆ ಕ್ರೇಟಿನಲ್ಲಿ ಲಿವರ್ ಎಲ್ಲೋ ಒತ್ತಿ ಪಿಸ್ಟನ್ ಹೊರಗೆ ಬರುತ್ತದೆ, ಆ ಕಡೆ ಡಿಸ್ಕ್ ತೂರುವುದೇ ಇಲ್ಲ. ಆಕ್ಸಲ್ ಮತ್ತು ಸ್ಪೇಸರ್‌ಗಳನ್ನು ಫೋರ್ಕಿಗೇ ಮರಳಿ ಹಾಕಿ, ಆಗ ಕಳೆದುಹೋಗುವುದಿಲ್ಲ. ಎಬಿಎಸ್ ಇದ್ದರೆ ಸೆನ್ಸರ್ ತಂತಿ ಜೋತಾಡದಂತೆ ಕಟ್ಟಿ.

ಮರುಪ್ರಶ್ನೆ: ಪಟ್ಟಿಯಿಂದ ಬಿಗಿಯುವಾಗ ಸಸ್ಪೆನ್ಷನ್ ಪೂರ್ತಿ ಕೆಳಗಿಳಿಸಬೇಕು ಅಂತ ಒಬ್ಬರು, ಸ್ವಲ್ಪವೂ ಒತ್ತಬಾರದು ಅಂತ ಇನ್ನೊಬ್ಬರು.

ಉತ್ತರ (ಮೆಕ್ಯಾನಿಕ್): ಎರಡೂ ಅತಿ. ಪೂರ್ತಿ ಒತ್ತಿ ವಾರಗಟ್ಟಲೆ ಬಿಟ್ಟರೆ ಫೋರ್ಕ್ ಸೀಲ್ ಸೋರಲು ಶುರುವಾಗುತ್ತದೆ. ಒತ್ತದೇ ಬಿಟ್ಟರೆ ಕ್ರೇಟ್ ಒಮ್ಮೆ ದಡಕ್ಕೆಂದಾಗ ಸ್ಪ್ರಿಂಗ್ ಕುಗ್ಗಿ ಪಟ್ಟಿ ಸಡಿಲವಾಗಿ ಕೊಕ್ಕೆ ಜಾರುತ್ತದೆ. ಚಲನೆಯ ಮೂರನೇ ಒಂದು ಭಾಗ ಇಳಿದರೆ ಸಾಕು.

ಸೇರಿಕೆ (ಕ್ರೇಟ್ ಮಾಡುವವರು): ಚಕ್ರ ತೆಗೆದ ಬೈಕಿಗೆ ಆ ಮೂರನೇ ಒಂದು ಭಾಗದ ಲೆಕ್ಕ ಹಿಂದಿನ ತುದಿಗೆ ಮಾತ್ರ. ಮುಂದೆ ಆಕ್ಸಲನ್ನೇ ಮರದ ತೊಟ್ಟಿಲಿನಲ್ಲಿ ಕೂರಿಸಿ ತಳಕ್ಕೆ ಬೋಲ್ಟ್ ಹಾಕಿದರೆ ಫೋರ್ಕಿನ ಕೆಳತುದಿ ಅಲ್ಲಾಡುವುದಿಲ್ಲ. ಮೇಲಿನ ಎರಡು ಪಟ್ಟಿಗಳ ಕೆಲಸ ಬೈಕು ಪಕ್ಕಕ್ಕೆ ವಾಲದಂತೆ ಹಿಡಿಯುವುದಷ್ಟೆ. ಅವನ್ನು ಕೆಳಗಿನ ಟ್ರಿಪಲ್ ಕ್ಲಾಂಪಿಗೆ, ಅಂದರೆ ಫೋರ್ಕಿನ ಎರಡು ಕಾಲುಗಳನ್ನು ಹಿಡಿಯುವ ಅಡ್ಡಪಟ್ಟಿಗೆ, ಹಾಕಿ. ಹ್ಯಾಂಡಲಿಗೆ ಬೇಡ, ಲಗೇಜ್ ರ್ಯಾಕಿಗಂತೂ ಬೇಡವೇ ಬೇಡ. ಹಿಂದಿನ ಎರಡು ಪಟ್ಟಿ ಫುಟ್‌ಪೆಗ್‌ನ ಬ್ರಾಕೆಟ್ಟಿಗೆ. ಪಟ್ಟಿ ಪಾಲಿಯೆಸ್ಟರ್ ಆಗಿರಲಿ. ನೈಲಾನ್ ತೇವ ಹೀರಿ ಹಿಗ್ಗುತ್ತದೆ. ರ್ಯಾಚೆಟ್‌ನ ಬಾಲವನ್ನು ಗಂಟು ಹಾಕಿ ಮುಗಿಸಿ. ಸೆಂಟರ್ ಸ್ಟ್ಯಾಂಡ್ ಮೇಲೂ ನಿಲ್ಲಿಸಬೇಡಿ, ಸೈಡ್ ಸ್ಟ್ಯಾಂಡ್ ಮೇಲೂ ಬೇಡ, ಎರಡೂ ಮೇಲಿರಲಿ. ಗೇರ್ ಮೊದಲನೆಯದು. ಹಿಂದಿನ ಟಯರಿನ ಗಾಳಿ ಇಳಿಸಬೇಡಿ. ಗಾಳಿ ಇಳಿದಷ್ಟು ಪಟ್ಟಿಯೂ ಸಡಿಲ.

ಬೈಕಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತುವ ಚಟ ಕೆಲವರಿಗಿದೆ. ರಾತ್ರಿ-ಹಗಲಿನ ಬಿಸಿಯ ಏರಿಳಿತಕ್ಕೆ ಕಂಟೇನರಿನ ಛಾವಣಿಯಿಂದ ನೀರು ತೊಟ್ಟಿಕ್ಕುತ್ತದೆ, ಸುತ್ತಿದ ಹಾಳೆಯೊಳಗೂ ಬೆವರುತ್ತದೆ. ತುಕ್ಕು ತಡೆಯುವ ವಿಸಿಐ ಹಾಳೆಯನ್ನು ಸಡಿಲವಾಗಿ ಹೊದಿಸಿ, ಕೆಳಗಡೆ ತೆರೆದಿರಲಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಕೆಂಪು ರಿಬ್ಬನ್ ಕಟ್ಟಿ, ತೆಗೆಯಲು ಮರೆಯದಿರಲಿ.

ಮರುಪ್ರಶ್ನೆ: ತೊಳೆಯುವುದರ ಬಗ್ಗೆ ಯಾರೂ ಹೇಳಲಿಲ್ಲ.

ಉತ್ತರ (ಸರಕು ಸಾಗಣೆ ಏಜೆಂಟ್): ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯವರು ಹುಡುಕುವುದು ಮಣ್ಣು, ಬೀಜ, ಹುಲ್ಲು, ಸತ್ತ ಹುಳು. ಕಂಡರೆ ಮಾನ್ಯತೆ ಪಡೆದ ಕಡೆ ಮತ್ತೆ ತೊಳೆಯಬೇಕು, ಖರ್ಚು ನಿಮ್ಮದು. ಅದೂ ಆಗದಿದ್ದರೆ ವಾಪಸು ಕಳಿಸಬೇಕಾಗಬಹುದು. ವಾಟರ್ ವಾಷ್‌ನವನ ಹತ್ತಿರ ಹೊಳಪು ಬರಿಸಿಕೊಂಡು ಬಂದರೆ ಸಾಲದು. ನಾಲ್ಕು ಗಂಟೆ ಕೆಲಸ ಇದೆ.

ಎಂಜಿನ್ ಕೆಳಗಿನ ರಕ್ಷಾಫಲಕ ಬಿಚ್ಚಿ. ಅದರ ಮಡಿಕೆಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಮುಂದಿನ ಸ್ಪ್ರಾಕೆಟ್ಟಿನ ಮುಚ್ಚಳ ಬಿಚ್ಚಿ. ಗ್ರೀಸಿಗೆ ಅಂಟಿದ ಮರಳನ್ನು ಸೀಮೆಎಣ್ಣೆ, ಬ್ರಷ್ಷಿನಿಂದ ತೆಗೆಯಿರಿ. ಆಯಿಲ್ ಕೂಲರಿನ ರೆಕ್ಕೆಗಳಲ್ಲಿ ಹುಳು, ಎಂಜಿನ್ ಸಿಲಿಂಡರಿನ ರೆಕ್ಕೆಗಳಲ್ಲಿ ಒಣಹುಲ್ಲು. ಹಿಂದಿನಿಂದ ಮುಂದಕ್ಕೆ ನೀರು ಹೊಡೆಯಿರಿ. ಹಿಂದಿನ ಮಡ್‌ಗಾರ್ಡಿನ ಒಳಮೈ, ಸೀಟಿನಡಿ, ಸ್ಪೋಕುಗಳ ಬುಡ, ಫುಟ್‌ಪೆಗ್‌ನ ರಬ್ಬರಿನಡಿ, ಕ್ರ್ಯಾಶ್ ಗಾರ್ಡಿನ ಟೊಳ್ಳು ತುದಿಗಳು. ಟಯರಿನ ಗುಂಡಿಗಳನ್ನು ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಕೆರೆಯಿರಿ. ಏರ್ ಫಿಲ್ಟರ್ ತೊಳೆಯುವ ಯೋಚನೆ ಬಿಡಿ, ಹೊಸದು ಹಾಕಿ. ಪೆಟ್ಟಿಗೆಯ ಒಳಗೂ ಒರೆಸಿ. ಕೊನೆಗೆ ಬಿಳಿ ಬಟ್ಟೆಯಿಂದ ಎಲ್ಲೆಡೆ ಉಜ್ಜಿ ನೋಡಿ, ಕಂದು ಬಣ್ಣ ಬಂದರೆ ಮತ್ತೊಮ್ಮೆ ಶುರು. ತೊಳೆದ ಮೇಲೆ ಮಣ್ಣಿನ ರಸ್ತೆಯಲ್ಲಿ ಗೋದಾಮಿಗೆ ಓಡಿಸಿಕೊಂಡು ಬರಬೇಡಿ, ಟೆಂಪೋದಲ್ಲಿ ತನ್ನಿ.

ಟೆಂಟಿನ ಗೂಟ, ಬೂಟಿನ ತಳವೂ ಇದೇ ಲೆಕ್ಕ. ಊರಿಂದ ತಂದ ಚಟ್ನಿಪುಡಿ, ಹುಣಸೆಹಣ್ಣು ಕ್ರೇಟಿನಲ್ಲಿ ಬೇಡ. ಗ್ಯಾಸ್ ಡಬ್ಬಿ, ಚೈನ್ ಲ್ಯೂಬ್ ಸ್ಪ್ರೇ, ಪಂಕ್ಚರ್ ಸೊಲ್ಯೂಷನ್, ಪವರ್ ಬ್ಯಾಂಕ್ ಕೂಡ ಬೇಡ. ಅವುಗಳಲ್ಲಿ ಪ್ರತಿಯೊಂದೂ ಬೇರೆಯದೇ ಅಪಾಯಕಾರಿ ಸರಕು. ಇನ್ನೊಂದು: ಆಸ್ಟ್ರೇಲಿಯಾ 2003ರ ಡಿಸೆಂಬರ್ 31ರಿಂದ ಕಲ್ನಾರನ್ನು ಪೂರ್ತಿ ನಿಷೇಧಿಸಿದೆ. ದಾರಿಯಲ್ಲಿ ಸಂತೆ ಮಾಲಿನ ಬ್ರೇಕ್ ಪ್ಯಾಡೋ ಗ್ಯಾಸ್ಕೆಟ್ಟೋ ಹಾಕಿಸಿದ್ದರೆ ಕಂಪನಿಯದನ್ನು ಹಾಕಿ ಬಿಲ್ ಇಟ್ಟುಕೊಳ್ಳಿ.

ಮರುಪ್ರಶ್ನೆ: ಕಾಗದಪತ್ರ? ವಿಮೆ?

ಉತ್ತರ (ಸರಕು ಸಾಗಣೆ ಏಜೆಂಟ್): ಕಾರ್ನೆಯ ಪ್ರತಿ ಹಾಳೆಯಲ್ಲಿ ಮೂರು ತುಂಡು. ಒಳಬಂದಾಗ ಕೆಳಗಿನದನ್ನು ಕಸ್ಟಮ್ಸ್‌ನವರು ಹರಿದುಕೊಳ್ಳುತ್ತಾರೆ, ಹೊರಹೋಗುವಾಗ ನಡುವಿನದನ್ನು. ಮೇಲಿನದು ಎರಡೂ ಮುದ್ರೆಗಳೊಂದಿಗೆ ನಿಮ್ಮಲ್ಲೇ ಉಳಿಯುತ್ತದೆ. ಮಲೇಷ್ಯಾದ ನಿರ್ಗಮನ ಮುದ್ರೆ ಬೀಳದೆ ಕ್ರೇಟ್ ಹೋಗಿಬಿಟ್ಟರೆ ಅವರ ಲೆಕ್ಕದಲ್ಲಿ ಬೈಕು ಇನ್ನೂ ಅಲ್ಲೇ ಇದೆ. ಸುಂಕದ ಬೇಡಿಕೆ ಕಾರ್ನೆಗಾಗಿ ನೀವಿಟ್ಟ ಭದ್ರತಾ ಠೇವಣಿಯ ಮೇಲೆ ಬರುತ್ತದೆ. "ಏಜೆಂಟ್ ಆಮೇಲೆ ಮಾಡಿಸುತ್ತಾನೆ" ಎಂಬ ಮಾತಿಗೆ ಕಿವಿಗೊಡದೆ ಜೊತೆಗೆ ಹೋಗಿ. ಚಾಸಿ ಸಂಖ್ಯೆ ಕಾಣುವಂತೆ ಕ್ರೇಟಿನಲ್ಲಿ ಸಂದು ಬಿಡಿ.

ಬಿಲ್ ಆಫ್ ಲೇಡಿಂಗ್‌ನಲ್ಲಿ (ಹಡಗಿನವರು ಸರಕಿಗೆ ಕೊಡುವ ರಸೀದಿ) ಹೆಸರು ಪಾಸ್‌ಪೋರ್ಟ್, ಕಾರ್ನೆಯಲ್ಲಿರುವಂತೆಯೇ ಅಕ್ಷರಕ್ಕಕ್ಷರ ಇರಲಿ. ಅಪ್ಪನ ಹೆಸರು, ಇನಿಷಿಯಲ್ ಹಿಂದುಮುಂದಾಗುವುದು ನಮ್ಮವರ ಖಾಯಂ ತೊಂದರೆ. ಸರಕಿನ ವಿವರ: ಬಳಸಿದ ಮೋಟಾರ್‌ಸೈಕಲ್, ಮಾರಾಟಕ್ಕಲ್ಲ, ಕಾರ್ನೆಯಡಿ ತಾತ್ಕಾಲಿಕ ಆಮದು, ಸುಂಕ ಸಂಕೇತ 8711.30. ಮೌಲ್ಯ ಕಾರ್ನೆಯಲ್ಲಿರುವಷ್ಟೇ. ಮೂಲಪ್ರತಿಯನ್ನು ಕೊರಿಯರ್‌ನಲ್ಲಿ ಕಾಯುವ ಬದಲು ಟೆಲೆಕ್ಸ್ ರಿಲೀಸ್ ಕೇಳಿ, ಅಂದರೆ ಮೂಲಪ್ರತಿ ಇಲ್ಲದೆಯೇ ಅಲ್ಲಿ ಸರಕು ಬಿಡುವಂತೆ ಇಲ್ಲಿಂದ ಹೋಗುವ ಸಂದೇಶ.

ದರಪಟ್ಟಿ ಕೇಳುವಾಗ ಸಮುದ್ರ ಬಾಡಿಗೆಯ ಅಂಕಿಗೆ ಮರುಳಾಗಬೇಡಿ. ಅದನ್ನು ಅಗ್ಗ ತೋರಿಸಿ ಇಳಿಯುವ ಬಂದರಿನಲ್ಲಿ ವಸೂಲಿ ಮಾಡುವುದು ಎಲ್‌ಸಿಎಲ್ ವ್ಯಾಪಾರದ ಹಳೆಯ ರೂಢಿ. ಕಂಟೇನರ್ ಬಿಚ್ಚುವುದು, ಬಂದರು ಶುಲ್ಕ, ಡೆಲಿವರಿ ಆರ್ಡರ್ (ಸರಕು ಬಿಡುಗಡೆಯ ಪತ್ರ), ಜೈವಿಕ ತಪಾಸಣೆ, ಉಚಿತ ದಿನಗಳು ಮುಗಿದ ಮೇಲಿನ ಗೋದಾಮು ಬಾಡಿಗೆ, ಒಂದೊಂದನ್ನೂ ಬರಹದಲ್ಲಿ ಪಡೆಯಿರಿ.

ವಿಮೆ ಮಾಡಿಸಿ. ಬಳಸಿದ ಬೈಕಿನ ಗೀರುಗಳಿಗೆ ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲ, ನಿಜ. ಆದರೆ ಜನರಲ್ ಆವರೇಜ್ ಎಂಬುದೊಂದಿದೆ. ಹಡಗನ್ನು ಉಳಿಸಲು ಆದ ಖರ್ಚನ್ನು ಅದರಲ್ಲಿ ಸರಕು ಇಟ್ಟವರೆಲ್ಲ ಹಂಚಿಕೊಳ್ಳಬೇಕು, ನಿಮ್ಮ ಕ್ರೇಟಿಗೆ ಏನೂ ಆಗದಿದ್ದರೂ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಬಿದ್ದ ಎವರ್ ಗಿವನ್ ಹಡಗಿನ ಮಾಲೀಕರು ಅದನ್ನೇ ಘೋಷಿಸಿದ್ದರು. ವಿಮೆ ಇದ್ದರೆ ಆ ಪಾಲು ವಿಮೆಯವರ ತಲೆನೋವು.

ಮರುಪ್ರಶ್ನೆ: ಅಲ್ಲಿ ಕ್ರೇಟ್ ತೆರೆಯಲು ಏನು ಬೇಕು?

ಉತ್ತರ (ಮೆಕ್ಯಾನಿಕ್): ಟೂಲ್ ಕಿಟ್ ಕ್ರೇಟಿನೊಳಗೆ ಇಟ್ಟರೆ ಕ್ರೇಟ್ ತೆರೆಯಲು ಟೂಲ್ ಇರುವುದಿಲ್ಲ! ಸ್ಕ್ರೂಡ್ರೈವರ್, ಆಕ್ಸಲ್ ಸ್ಪಾನರ್, ಅಲೆನ್ ಕೀಗಳನ್ನು ನಿಮ್ಮ ಚೆಕ್-ಇನ್ ಬ್ಯಾಗಿನಲ್ಲಿ ಒಯ್ಯಿರಿ. ಒಂದು ಕೀಲಿಯೂ ನಿಮ್ಮ ಜೇಬಲ್ಲೇ ಇರಲಿ. ಕ್ರೇಟ್ ಒಡೆದಿದ್ದರೆ ಸಹಿ ಹಾಕುವ ಮೊದಲು ರಸೀದಿಯ ಮೇಲೆ ಬರೆಸಿ, ಫೋಟೋ ತೆಗೆಯಿರಿ. ಬ್ಯಾಟರಿ ಜೋಡಿಸುವಾಗ ಪಾಸಿಟಿವ್ ಮೊದಲು. ಪೆಟ್ರೋಲ್ ಹಾಕಿದ ಮೇಲೆ ಕೀಲಿಯನ್ನು ಮೂರು-ನಾಲ್ಕು ಸಲ ಆನ್-ಆಫ್ ಮಾಡಿ ಪಂಪಿಗೆ ಒತ್ತಡ ಕಟ್ಟಲು ಬಿಟ್ಟು ಆಮೇಲೆ ಸ್ಟಾರ್ಟ್. ಮುಂದಿನ ಬ್ರೇಕಿನ ರಟ್ಟು ತೆಗೆದಿದ್ದೀರಲ್ಲವೇ? ಲಿವರ್ ಮೊದಲ ಕೆಲವು ಒತ್ತಿಗೆ ಹ್ಯಾಂಡಲಿಗೇ ತಾಗುತ್ತದೆ. ಗಟ್ಟಿಯಾಗುವವರೆಗೆ ಒತ್ತುತ್ತಲೇ ಇರಿ, ಆಮೇಲೆ ಗೋದಾಮಿನ ಗೇಟು ದಾಟಿ. ಸೈಲೆನ್ಸರ್ ಬಾಯಿಯ ಬಟ್ಟೆಯನ್ನೂ ಒಮ್ಮೆ ನೋಡಿ.