ಸಹಾಯ ಬೇಕು: ತೋಟದ ನಡುವೆ ಹಾಯುವ ಕುಡಿಯುವ ನೀರಿನ ಕೊಳವೆಮಾರ್ಗ

ಬಯಲುಸೀಮೆಯಲ್ಲಿರುವ ನಮ್ಮ 2 ಎಕರೆ 10 ಗುಂಟೆ ತೆಂಗಿನ ತೋಟದ ನಡುವೆ ಸಮೀಪದ ಪಟ್ಟಣಕ್ಕೆ ಕುಡಿಯುವ ನೀರು ಸಾಗಿಸುವ ದೊಡ್ಡ ಕೊಳವೆಯನ್ನು ಹೂಳುವುದಾಗಿ ಸ್ಥಳೀಯ ಸಂಸ್ಥೆಯಿಂದ ನೋಟಿಸ್ ಬಂದಿದೆ. ಪಟ್ಟಣಕ್ಕೆ ನೀರು ಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ನೋಟಿಸಿನಲ್ಲಿ ಕಾಯ್ದೆಯ ಕಲಮಾಗಲಿ, ಕೊಳವೆಗೆ ಬಳಸುವ ನೆಲದ ಪಟ್ಟಿಯ ಅಗಲವಾಗಲಿ, ಪರಿಹಾರದ ಮಾತಾಗಲಿ ಇಲ್ಲ. ಗುರುತು ಹಾಕಿರುವ ಹದಿನಾಲ್ಕು ಮರಗಳೋ, ಬರಗಾಲದಲ್ಲಿ ನಮ್ಮ ತಂದೆ ಕೊಡದಲ್ಲಿ ನೀರು ಹೊತ್ತು ಉಳಿಸಿದವು.

ಬದುವಿನ ಅಂಚಿನಲ್ಲಿ ಹಳೆಯ ಸಣ್ಣ ಕೊಳವೆಯೊಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇರುವುದರಿಂದ, 1882ರ ಅನುಭೋಗದ ಹಕ್ಕುಗಳ (ಇನ್ನೊಬ್ಬರ ಜಮೀನನ್ನು ನಿರ್ದಿಷ್ಟ ರೀತಿಯಲ್ಲಿ ಬಳಸುವ ಹಕ್ಕು, ಈಸ್‌ಮೆಂಟ್) ಕಾಯ್ದೆಯಂತೆ ತಮಗೆ ಹಕ್ಕು ಬಂದಿದೆ ಎಂದು ಅಧಿಕಾರಿಗಳು ಹೇಳುತ್ತಾರೆ. ರೂಢಿಯಿಂದ ಬಂದ ಹಕ್ಕು ರೂಢಿಯಲ್ಲಿದ್ದ ಬಳಕೆಯಷ್ಟಕ್ಕೇ ಸೀಮಿತ, ಅದರ ನೆಪದಲ್ಲಿ ತೋಟದ ನಡುವೆ ಹೊಸ ಹೊರೆ ಹೇರುವಂತಿಲ್ಲ ಎಂಬುದು ನನ್ನ ತಿಳಿವಳಿಕೆ. 1962ರ ಕೊಳವೆಮಾರ್ಗ ಕಾಯ್ದೆಯನ್ನೂ ಅವರು ಉಲ್ಲೇಖಿಸಿದರು. ಅದು ಪೆಟ್ರೋಲಿಯಂ ಮತ್ತು ಖನಿಜಗಳಿಗೆ ಸಂಬಂಧಿಸಿದ್ದು. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆಂದು ಸಂವಿಧಾನದ 300ಎ ವಿಧಿಯೇ ಹೇಳುತ್ತದೆ.

ಪಹಣಿ, ಸರ್ವೆ ನಕ್ಷೆ ಮತ್ತು ಮರಗಳ ಚಿತ್ರಗಳನ್ನು ಸಿದ್ಧಪಡಿಸಿಕೊಂಡಿದ್ದೇನೆ. ಇಂಥ ಪ್ರಕರಣದಲ್ಲಿ ಕೊಳವೆಯ ಆಳ, ದುರಸ್ತಿಗೆ ಬರುವವರ ದಾರಿ, ಮೇಲ್ಮಣ್ಣನ್ನು ಮತ್ತೆ ಹರಡುವ ಹೊಣೆ ಹಾಗೂ ಮರಗಳ ಪರಿಹಾರವನ್ನು ಲಿಖಿತ ಕರಾರಿನಲ್ಲಿ ಸೇರಿಸಿಕೊಂಡವರು ಅದರ ಒಕ್ಕಣೆಯನ್ನು ದಯವಿಟ್ಟು ತಿಳಿಸಬೇಕು. ಬದುವಿನ ಗುಂಟವೇ ಮಾರ್ಗ ಬದಲಿಸಲು ಒಪ್ಪಿಸಿದವರಿದ್ದರೆ, ಆಕ್ಷೇಪಣೆಯನ್ನು ಯಾರಿಗೆ, ಹೇಗೆ ಬರೆದಿರೆಂಬುದೂ ಬೇಕು. ಉತ್ತರ ಕೊಡಲು ಇನ್ನು ಒಂಬತ್ತು ದಿನಗಳಿವೆ.