ಸಹಾಯ ಬೇಕು: ಕಾರ್ಡಿನ ಚಿತ್ರಗಳು ಅಚ್ಚಿನಲ್ಲಿ ಮಂಕಾಗುತ್ತಿವೆ

ಎಲ್ಲರಿಗೂ ನಮಸ್ಕಾರ. ಕಾಡಿನ ಮಾಯಾಜೀವಿಗಳ ಕಥೆಯಿರುವ ಬೋರ್ಡ್ ಗೇಮ್ ಒಂದಕ್ಕೆ 54 ಕಾರ್ಡುಗಳ ಚಿತ್ರ ಬರೆಯುತ್ತಿದ್ದೇನೆ. ಬೆಂಕಿಪೊಟ್ಟಣದಷ್ಟು ಚಿಕ್ಕ ಪೆನ್ಸಿಲ್ ಕರಡುಗಳನ್ನು ಹತ್ತಾರು ಗೀಚಿ, ಒಂದನ್ನು ಆರಿಸಿ, ಕಪ್ಪು-ಬಿಳುಪಿನಲ್ಲಿ ನೆರಳು-ಬೆಳಕು ಗಟ್ಟಿಯಾದ ಮೇಲೆಯೇ ಬಣ್ಣಕ್ಕೆ ಇಳಿಯುತ್ತೇನೆ. ಅಲ್ಲಿಯವರೆಗೆ ಎಲ್ಲವೂ ಸರಿ.

ಆದರೆ 63×88 ಮಿ.ಮೀ. ಕಾರ್ಡಿಗೆ ಇಳಿಸಿದಾಗ ಮುಖಗಳು ಹಿನ್ನೆಲೆಯ ಮರಗಳಲ್ಲಿ ಕರಗಿಹೋಗುತ್ತವೆ. ಪರದೆಯ ಮೇಲೆ ಹೊಳೆಯುವ ಹಸಿರು, ನೀಲಿಗಳು ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಬಣ್ಣಪದ್ಧತಿಗೆ, ಬದಲಾಯಿಸಿದೊಡನೆ ಕೆಸರಾಗುತ್ತವೆ. ಫೈಲ್ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇದೆ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಬಿಟ್ಟಿದ್ದೇನೆ, ದೋಷ ಅಲ್ಲಿಲ್ಲ.

ಮೊನ್ನೆ ದಶಾವತಾರ ಗಂಜೀಫಾ ಎಲೆಗಳನ್ನು, ಅಂದರೆ ಕೈಯಿಂದ ಚಿತ್ರಿಸಿದ ಸಾಂಪ್ರದಾಯಿಕ ಇಸ್ಪೀಟೆಲೆಗಳನ್ನು, ನೋಡುತ್ತ ಕುಳಿತಿದ್ದೆ. ಒಂದು ಕಟ್ಟಿನಲ್ಲಿ 120 ಎಲೆಗಳು, ಒಂದೊಂದೂ ಅಂಗೈಯೊಳಗೆ ಅಡಗುವಷ್ಟು. ಆದರೂ ಮೀನು ಮೀನೇ, ಆಮೆ ಆಮೆಯೇ! ಸಪಾಟು ಬಣ್ಣ, ಖಚಿತವಾದ ರೇಖೆ. ನನ್ನ ಚಿತ್ರಗಳಲ್ಲಿ ವಿವರ ಹೆಚ್ಚಾಯಿತೇ ಎಂಬ ಅನುಮಾನ ಅಂದಿನಿಂದ ಕಾಡುತ್ತಿದೆ.

ಕಾರ್ಡು ಅಚ್ಚು ಹಾಕಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿ: ಮೊದಲಿನಿಂದಲೇ ಸಿಎಂವೈಕೆಯಲ್ಲಿ ಬಣ್ಣ ಹಚ್ಚುತ್ತೀರಾ? ಹಿನ್ನೆಲೆಯನ್ನು ಎಷ್ಟು ತಿಳಿಯಾಗಿಸುತ್ತೀರಿ? ಬೆಂಗಳೂರು ಅಥವಾ ಮೈಸೂರಿನಲ್ಲಿ ಐದಾರು ಕಾರ್ಡುಗಳ ಪ್ರೂಫ್ (ಪರೀಕ್ಷೆಯ ಅಚ್ಚು) ಮಾತ್ರ ತೆಗೆದುಕೊಡುವ ಮುದ್ರಕರು ಇದ್ದಾರೆಯೇ? ಬಯಸಿದವರಿಗೆ ಎರಡು ಕಾರ್ಡುಗಳ ಕರಡು ಕಳುಹಿಸುತ್ತೇನೆ.